ಚರ್ಮದಡಿಯ ಶುಗರ್ ಸೆನ್ಸರ್ ಯಾಕೆ ಬೇಗ ಕೈಕೊಡುತ್ತದೆ?

ಪೇಸ್‌ಮೇಕರ್ ವರ್ಷಗಟ್ಟಲೆ ಮೈಯೊಳಗೆ ಕೆಲಸ ಮಾಡುತ್ತದೆ, ಚರ್ಮದಡಿ ಕೂತು ಸಕ್ಕರೆ ಪ್ರಮಾಣ ಅಳೆಯುತ್ತಲೇ ಇರುವ ಶುಗರ್ ಸೆನ್ಸರ್ ಮಾತ್ರ ಯಾಕೆ ಇಷ್ಟು ಬೇಗ ಕೈಕೊಡುತ್ತದೆ ಅಂತ ಕೇಳಿದ್ದೀರಿ.

ಪೇಸ್‌ಮೇಕರ್ ಡಬ್ಬಿ ಪೂರ್ತಿ ಮುಚ್ಚಿದ್ದು. ಸುತ್ತ ಗಾಯದ ಪೊರೆ ಬೆಳೆದರೂ ಅದಕ್ಕೇನೂ ಆಗುವುದಿಲ್ಲ. ಸೆನ್ಸರ್ ಹಾಗಲ್ಲ, ಗ್ಲುಕೋಸ್ ಅದಕ್ಕೆ ತಾಗುತ್ತಲೇ ಇರಬೇಕು. ಹೊರಗಿನ ವಸ್ತು ಒಳಗೆ ಹೋದ ಕೂಡಲೇ ಅದಕ್ಕೆ ಪ್ರೋಟೀನ್ ಅಂಟುತ್ತದೆ. ಹಿಂದೆಯೇ ಬಿಳಿ ರಕ್ತಕಣಗಳು ಬಂದು, ಸೆನ್ಸರನ್ನು ಹಾಳುಮಾಡುವ ಹೈಡ್ರೋಜನ್ ಪೆರಾಕ್ಸೈಡ್ ಉಗುಳುತ್ತವೆ. ಕೆಲವು ವಾರಗಳಲ್ಲಿ ಕೊಲಾಜನ್ ಎಂಬ ನಾರಿನಂಥ ಪ್ರೋಟೀನಿನ ಗಾಯದ ಪೊರೆ ಸುತ್ತಿಕೊಳ್ಳುತ್ತದೆ. ಅದರಲ್ಲಿ ರಕ್ತನಾಳ ಕಡಿಮೆ. ಹಾಗಾಗಿ ಶುಗರ್ ಏರಿದ್ದು, ಇಳಿದದ್ದು ಸೆನ್ಸರ್‌ಗೆ ತಡವಾಗಿ ಗೊತ್ತಾಗುತ್ತದೆ.

ಎವರ್‌ಸೆನ್ಸ್ ಎನ್ನುವ ಶುಗರ್ ಸೆನ್ಸರ್‌ನಲ್ಲಿ ಇದಕ್ಕೆ ಮಾಡಿದ ಉಪಾಯ ನನಗೆ ತುಂಬಾ ಹಿಡಿಸಿತು. ಈ ಸೆನ್ಸರ್ ತೋಳಿನ ಚರ್ಮದಡಿ ಕೂರಿಸುವ ಪುಟ್ಟ ಕೊಳವೆ, ಉದ್ದ ಸುಮಾರು 18 ಮಿ.ಮೀ. ಅದಕ್ಕೊಂದು ಸಿಲಿಕೋನ್ ಪಟ್ಟಿ. ಅದರಿಂದ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಔಷಧಿ ಸ್ವಲ್ಪ ಸ್ವಲ್ಪವೇ ಜಿನುಗಿ ಉರಿಯೂತವನ್ನು ಅಲ್ಲೇ ತಗ್ಗಿಸುತ್ತದೆ. (ಪೇಸ್‌ಮೇಕರ್ ತಂತಿಯ ತುದಿಯಲ್ಲೂ ಇದೇ ಔಷಧಿ ಇಡುತ್ತಾರೆ, ಗೊತ್ತಾ?) ಪೆರಾಕ್ಸೈಡ್ ಒಡೆಯಲು ಪ್ಲಾಟಿನಂ ಲೇಪ ಬೇರೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಒಂದು ಸೆನ್ಸರನ್ನು 90 ದಿನ ಬಳಸಲು ಒಪ್ಪಿಗೆ ಕೊಟ್ಟಿತ್ತು. 2022ರಲ್ಲಿ ಅದು 180 ದಿನ ಆಯಿತು, 2024ರಲ್ಲಿ ಒಂದು ವರ್ಷ.

ಪ್ರೋಟೀನ್ ಅಂಟದ ಹೈಡ್ರೋಜೆಲ್ (ನೀರು ಹೀರಿಕೊಂಡಿರುವ ಮೆತ್ತನೆ ಜೆಲ್), ರಕ್ತನಾಳ ಒಳಗೆ ಬೆಳೆಯಲಿ ಅಂತ ತೂತುಗಳಿರುವ ಲೇಪ, ಇವುಗಳ ಮೇಲೂ ಸಂಶೋಧನೆ ನಡೆದಿದೆ. ಸದ್ಯಕ್ಕೆ ನನಗೆ ಔಷಧಿ ಜಿನುಗುವ ದಾರಿಯ ಮೇಲೇ ನಂಬಿಕೆ ಜಾಸ್ತಿ. ಒಂದೇ ಮಾತು: ಡೆಕ್ಸಾಮೆಥಾಸೋನ್ ಒಗ್ಗದವರಿಗೆ ಇದನ್ನು ಹಾಕುವಂತಿಲ್ಲ. ಮನೆಯವರಿಗೆ ಹಾಕಿಸುವ ಯೋಚನೆ ಇದ್ದರೆ ಡಾಕ್ಟರ ಹತ್ತಿರ ಮೊದಲು ಅದನ್ನೇ ಕೇಳಿ.