ನೀಲಿ ಹಚ್ಚಿದ ಮಾತ್ರಕ್ಕೆ ದುಃಖ ಕಾಣದು: ಕಲರ್ ಗ್ರೇಡಿಂಗ್ ಪ್ರಶ್ನೋತ್ತರ

ಪ್ರಶ್ನೆ: ಮಗಳು ಮನೆ ಬಿಟ್ಟು ಹೋದ ಮೇಲೆ ತಾಯಿ ಒಬ್ಬಳೇ ಕೂತಿರುವ ದೃಶ್ಯ ನನ್ನ ಕಿರುಚಿತ್ರದಲ್ಲಿದೆ. ದುಃಖ ಕಾಣಲೆಂದು ಇಡೀ ದೃಶ್ಯಕ್ಕೆ ನೀಲಿ ಛಾಯೆ ಕೊಟ್ಟೆ. ನೋಡಿದವರು ‘ತಾಯಿಗೆ ಹುಷಾರಿಲ್ಲವಾ?’ ಎಂದು ಕೇಳುತ್ತಿದ್ದಾರೆ. ಬಣ್ಣ ತಿದ್ದಲು ಡಾವಿಂಚಿ ರಿಸಾಲ್ವ್ ತಂತ್ರಾಂಶ ಬಳಸುತ್ತೇನೆ.

ಉತ್ತರ: ನೀಲಿ ಮುಖಕ್ಕೂ ಹತ್ತಿದೆ, ತೊಂದರೆ ಅದೇ. ಯಾವ ಮೈಬಣ್ಣದವರೇ ಆಗಲಿ, ಬಣ್ಣದ ಛಾಯೆ ತೋರಿಸುವ ವೃತ್ತಾಕಾರದ ನಕ್ಷೆಯಾದ ವೆಕ್ಟರ್‌ಸ್ಕೋಪಿನಲ್ಲಿ ಅವರ ಚರ್ಮ ಕೆಂಪು ಮತ್ತು ಹಳದಿಯ ನಡುವಿನ ಒಂದು ಗೆರೆಯ ಆಸುಪಾಸಿನಲ್ಲೇ ಬೀಳುತ್ತದೆ. ಅಂದರೆ ಚರ್ಮದ ಛಾಯೆ ಕಿತ್ತಳೆಯ ಕಡೆಗಿದೆ. ನೀಲಿ ಅದಕ್ಕೆ ಎದುರು ಬಣ್ಣ. ಎರಡೂ ಬೆರೆತಾಗ ಒಂದನ್ನೊಂದು ತಿಂದು ಮುಖ ಬೂದಿಯಾಗುತ್ತದೆ. ಬೂದಿ ಮುಖವನ್ನು ನೋಡುಗರು ಕಾಯಿಲೆ ಎಂದುಕೊಳ್ಳುತ್ತಾರೆಯೇ ಹೊರತು ದುಃಖ ಎಂದಲ್ಲ.

ಈಗ ಹಾಕಿರುವ ನೀಲಿಯನ್ನು ಪೂರ್ತಿ ತೆಗೆದು ಹೊಸದಾಗಿ ಶುರುಮಾಡಿ. ರಿಸಾಲ್ವ್‌ನಲ್ಲಿ ತಿದ್ದುಪಡಿಯ ಒಂದೊಂದು ಹಂತವೂ ಒಂದೊಂದು ನೋಡ್. ಮೊದಲ ನೋಡ್‌ನಲ್ಲಿ ಕರೆಕ್ಷನ್ ಮಾತ್ರ ಇರಲಿ. ಬಿಳಿ ಬಿಳಿಯಾಗಿ ಕಾಣುವಂತೆ ವೈಟ್ ಬ್ಯಾಲೆನ್ಸ್ ಸರಿಪಡಿಸಿ, ಕೆಂಪು, ಹಸಿರು, ನೀಲಿಯನ್ನು ಬೇರೆಬೇರೆಯಾಗಿ ತೋರಿಸುವ ಪರೇಡ್ ಸ್ಕೋಪಿನಲ್ಲಿ ಮೂರು ಬಣ್ಣಗಳ ಬುಡವನ್ನು ಒಂದೇ ಮಟ್ಟಕ್ಕೆ ತನ್ನಿ. ಎರಡನೆಯ ನೋಡ್‌ನಲ್ಲಿ ಭಾವದ ಕೆಲಸ. ಸ್ಯಾಚುರೇಶನ್ (ಬಣ್ಣದ ಗಾಢತೆ) 50ರಿಂದ 38-40ಕ್ಕೆ ಇಳಿಸಿ, ಗಾಮಾ (ನಡುಮಟ್ಟದ ಬೆಳಕು) ಚೂರು ತಗ್ಗಿಸಿ. ನೀಲಿಯನ್ನು ಲಿಫ್ಟ್ ಚಕ್ರದಲ್ಲಿ ಮಾತ್ರ ಕೊಡಿ. ಆಗ ಅದು ನೆರಳಿನಲ್ಲೇ ಹೆಚ್ಚು ಉಳಿಯುತ್ತದೆ. ಅರ್ಧ ಕೆಲಸ ಈ ಸ್ಯಾಚುರೇಶನ್ ಇಳಿಕೆಯಿಂದಲೇ ಆಗಿಬಿಡುತ್ತದೆ. ಎಷ್ಟೋ ದೃಶ್ಯಗಳಿಗೆ ನೀಲಿ ಬೇಕಾಗುವುದೇ ಇಲ್ಲ.

ಇಷ್ಟಾದ ಮೇಲೂ ಮುಖ ಬಿಳಿಚಿಕೊಂಡರೆ ಎರಡನೆಯ ನೋಡ್ ಆಯ್ದು ಆಲ್ಟ್ ಮತ್ತು ಎಲ್ ಒತ್ತಿ. ಅದರ ಕೆಳಗೆ ಒಂದು ಲೇಯರ್ ನೋಡ್ ಬರುತ್ತದೆ, ಅದಕ್ಕೆ ಸಿಗುವುದು ನೀಲಿ ಹತ್ತದ ಚಿತ್ರ. ಅಲ್ಲಿ ಕ್ವಾಲಿಫೈಯರ್‌ನಿಂದ ಕೆನ್ನೆಯ ಬಣ್ಣ ಆರಿಸಿ, ಶಿಫ್ಟ್ ಮತ್ತು ಎಚ್ ಒತ್ತಿ ಏನೇನು ಆಯ್ಕೆಯಾಗಿದೆ ಎಂದು ನೋಡಿ. ಮರದ ಬಾಗಿಲು, ಕಂದು ಬಟ್ಟೆ ಚರ್ಮದ ಜೊತೆ ಸೇರಿಕೊಳ್ಳುವುದು ಮಾಮೂಲು. ಮುಖದ ಸುತ್ತ ಪವರ್ ವಿಂಡೋ ಎಂಬ ಚೌಕಟ್ಟು ಹಾಕಿ, ಮುಖ ಅಲುಗಿದಂತೆ ಅದೂ ಹಿಂಬಾಲಿಸುವಂತೆ ಟ್ರ್ಯಾಕ್ ಮಾಡಿದರೆ ಅವು ಹೊರಗುಳಿಯುತ್ತವೆ. ಅಂಚು ಮೆತ್ತಗಾಗಲು ಬ್ಲರ್ ರೇಡಿಯಸ್ ಸ್ವಲ್ಪ ಏರಿಸಿ. ಕೊನೆಗೆ ಕೀ ಪ್ಯಾಲೆಟ್‌ನಲ್ಲಿ ಔಟ್‌ಪುಟ್ ಗೇನ್ 0.5-0.6ಕ್ಕೆ ಇಳಿಸಿ; ಆ ನೋಡ್‌ನ ಪರಿಣಾಮ ಎಷ್ಟು ಕಾಣಬೇಕೆಂದು ಇದು ನಿರ್ಧರಿಸುತ್ತದೆ. 1ರಲ್ಲೇ ಬಿಟ್ಟರೆ ಮುಖ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತದೆ.

ಇದೆಲ್ಲಕ್ಕಿಂತ ಮುಖ್ಯವಾದದ್ದು ಹಿಂದಿನ ದೃಶ್ಯ. ನಮ್ಮ ಕಣ್ಣು ಯಾವ ಛಾಯೆಗೂ ಬೇಗ ಒಗ್ಗಿಹೋಗುತ್ತದೆ. ಪರದೆ ತುಂಬ ನೀಲಿಯೇ ಇದ್ದರೆ ಸ್ವಲ್ಪ ಹೊತ್ತಿಗೆ ಅದೇ ಬಿಳಿ ಎನಿಸಿ ನೀವು ಕೊಟ್ಟ ತಂಪು ಕಾಣದಾಗುತ್ತದೆ. ಆದ್ದರಿಂದ ಮಗಳು ಮನೆಯಲ್ಲಿರುವ ದೃಶ್ಯವನ್ನು ತುಸು ಬೆಚ್ಚಗೆ, ಬಣ್ಣ ತುಂಬಿ ಇಡಿ. ಕಟ್ ಆದ ಕ್ಷಣದಲ್ಲೇ ಖಾಲಿತನ ತಟ್ಟುತ್ತದೆ. ತಾಯಿ ಕೂತ ಕೋಣೆಯಲ್ಲೂ ಒಂದು ಹಳದಿ ದೀಪವನ್ನು ಅದರ ಬಣ್ಣದಲ್ಲೇ ಉಳಿಸಿ. ತಂಪು ಎದ್ದು ಕಾಣಲು ಪಕ್ಕದಲ್ಲಿ ಬಿಸಿ ಇರಲೇಬೇಕು.

ಪ್ರಶ್ನೆ: ಯಾವ ಬಣ್ಣಕ್ಕೆ ಯಾವ ಭಾವ ಎಂದು ಪಟ್ಟಿ ಕೊಡುವಿರಾ?

ಉತ್ತರ: ಕೊಟ್ಟರೆ ನಿಮ್ಮ ಕೈ ಕಟ್ಟಿಹಾಕಿದಂತೆ. ಕೆಂಪು ಪ್ರೀತಿಯೂ ಹೌದು, ಅಪಾಯವೂ ಹೌದು. ಕಥೆಯಲ್ಲಿ ಅದು ಮೊದಲು ಎಲ್ಲಿ ಕಾಣಿಸಿತು ಎಂಬುದರಿಂದ ಅರ್ಥ ಹುಟ್ಟುತ್ತದೆ. ಒಂದು ಬಣ್ಣವನ್ನು ಒಂದು ಪಾತ್ರಕ್ಕೋ ಒಂದು ಭಯಕ್ಕೋ ಮೀಸಲಿಟ್ಟು, ಬೇರೆ ಶಾಟ್‌ಗಳಲ್ಲಿ ಆ ಬಣ್ಣವನ್ನು ಹ್ಯೂ-ಸ್ಯಾಚುರೇಶನ್ ಕರ್ವ್‌ನಿಂದ ತಗ್ಗಿಸಿ. ಮೂರನೆಯ ಸಲ ಕಂಡಾಗ ಪ್ರೇಕ್ಷಕರಿಗೆ ತಾನಾಗಿಯೇ ಗೊತ್ತಾಗುತ್ತದೆ.

ಪ್ರಶ್ನೆ: ಡೌನ್‌ಲೋಡ್ ಮಾಡಿದ ಲಟ್ (ಬಣ್ಣ ಬದಲಿಸುವ ಸಿದ್ಧ ಫೈಲ್) ಹಾಕಿದರೆ ನೆರಳೆಲ್ಲ ಕಪ್ಪಾಗಿ, ಬಣ್ಣ ಕಣ್ಣಿಗೆ ಹೊಡೆಯುತ್ತದೆ. ಮಾದರಿ ಚಿತ್ರದಲ್ಲಿ ಮಾತ್ರ ಸೊಗಸಾಗಿದೆ.

ಉತ್ತರ: ಆ ಲಟ್ ಲಾಗ್ ಚಿತ್ರೀಕರಣಕ್ಕೆಂದು ಮಾಡಿದ್ದಿರಬೇಕು. ಲಾಗ್ ಚಿತ್ರ ಪೇಲವವಾಗಿರುತ್ತದೆ, ಅದಕ್ಕೆ ಕಾಂಟ್ರಾಸ್ಟ್ ತುಂಬುವುದು ಅಂಥ ಲಟ್‌ನ ಕೆಲಸ. ನಿಮ್ಮ ವಿಡಿಯೊ ಆಗಲೇ ರೆಕ್ 709 (ಟಿವಿ, ವೆಬ್ ವಿಡಿಯೊದ ಮಾಮೂಲಿ ಬಣ್ಣದ ಮಾನದಂಡ) ಆಗಿದ್ದರೆ ಕಾಂಟ್ರಾಸ್ಟ್ ಎರಡೆರಡು ಸಲ ಬಿದ್ದಂತಾಯಿತು. ಬಂದ ಬಣ್ಣದ ಸಂಖ್ಯೆಗೆ ನಿಗದಿಯಾದ ಇನ್ನೊಂದು ಸಂಖ್ಯೆ ಕೊಡುವುದಷ್ಟೇ ಲಟ್‌ಗೆ ಗೊತ್ತು. ನಿಮ್ಮ ಶಾಟ್ ಕತ್ತಲೆಯದೋ ಬಿಸಿಲಿನದೋ ಅದಕ್ಕೆ ತಿಳಿಯದು. ಆದ್ದರಿಂದ ಎಕ್ಸ್‌ಪೋಶರ್ ತಿದ್ದುವ ನೋಡ್ ಅದಕ್ಕಿಂತ ಮೊದಲೇ ಇರಬೇಕು. ಲಟ್ ಕತ್ತರಿಸಿದ ವಿವರ ನಂತರದ ನೋಡ್‌ಗೆ ಸಿಗುವುದಿಲ್ಲ. ರೆಕ್ 709 ವಿಡಿಯೊಗೆಂದೇ ಮಾಡಿದ ಲಟ್ ಹುಡುಕಿ, ಅದನ್ನೂ ಔಟ್‌ಪುಟ್ ಗೇನ್ 0.3-0.5ರಲ್ಲಿ ಬಳಸಿ.

ಪ್ರಶ್ನೆ: ಭಯದ ದೃಶ್ಯ ನನ್ನ ಮಾನಿಟರ್‌ನಲ್ಲಿ ಚೆನ್ನಾಗಿದೆ. ಅಪ್‌ಲೋಡ್ ಮಾಡಿದ ಮೇಲೆ ಮೊಬೈಲ್‌ನಲ್ಲಿ ಬರೀ ಕಪ್ಪು, ಗೋಡೆಯ ಮೇಲೆ ಪಟ್ಟೆಗಳು.

ಉತ್ತರ: 8-ಬಿಟ್ ವಿಡಿಯೊದಲ್ಲಿ ಕಪ್ಪು 16, ಬಿಳಿ 235. ನಡುವೆ ಸುಮಾರು 220 ಹಂತ. ದೃಶ್ಯವನ್ನೆಲ್ಲ ಕೆಳಗಿನ ಹತ್ತನೇ ಒಂದು ಭಾಗಕ್ಕೆ ತಳ್ಳಿದರೆ ನಿಮಗೆ ಉಳಿಯುವುದು 22 ಹಂತ. ಗೋಡೆಯ ಮೇಲೆ ಹಿತವಾಗಿ ಇಳಿಯಬೇಕಾದ ಬೆಳಕು ಮೆಟ್ಟಿಲಾಗುತ್ತದೆ. ಅದರ ಮೇಲೆ ಅಪ್‌ಲೋಡ್‌ನ ಕಂಪ್ರೆಶನ್ ನೆರಳಿನ ವಿವರವನ್ನೇ ಮೊದಲು ಬಿಸಾಡುತ್ತದೆ.

ಭಯಕ್ಕೆ ಎಲ್ಲವೂ ಕಪ್ಪಾಗಬೇಕಿಲ್ಲ. ಮುಖದ ಬೆಳಕು ಬಿದ್ದ ಪಕ್ಕವನ್ನು, ಬೆಳಕಿನ ಮಟ್ಟ ತೋರಿಸುವ ವೇವ್‌ಫಾರ್ಮ್‌ನ 0-1023ರ ಅಳತೆಯಲ್ಲಿ 250-350ರ ನಡುವೆ ಇಡಿ, ಹಿನ್ನೆಲೆಯನ್ನು ಮಾತ್ರ ವಿಂಡೋ ಹಾಕಿ ತಗ್ಗಿಸಿ. ಕಣ್ಣಿಗೆ ಆತುಕೊಳ್ಳಲು ಒಂದು ಬೆಳಕಿನ ತುಣುಕು ಸಿಕ್ಕಿದಾಗಲೇ ಉಳಿದ ಕತ್ತಲೆ ಹೆದರಿಸುವುದು. ಪಟ್ಟೆಗಳು ಕಾಣದಂತೆ ತೆಳುವಾಗಿ ಫಿಲ್ಮ್ ಗ್ರೇನ್ (ನವಿರಾದ ಚುಕ್ಕೆಗಳು) ಸೇರಿಸಿ. ಗ್ರೇನ್‌ಗೆ ಜಾಗ ಬೇಕು, ಆದ್ದರಿಂದ ಬಿಟ್‌ರೇಟ್ (ಸೆಕೆಂಡಿಗೆ ಬಳಸುವ ಡೇಟಾ) ಏರಿಸಿಯೇ ಎಕ್ಸ್‌ಪೋರ್ಟ್ ಮಾಡಿ.

ಪ್ರಶ್ನೆ: ಒಂದೇ ಶಾಟ್‌ನಲ್ಲಿ ನಿರಾಶೆಯಿಂದ ಭರವಸೆಗೆ ಬಣ್ಣ ಬದಲಿಸಬಹುದೇ?

ಉತ್ತರ: ಬದಲಿಸಬಹುದು. ಯಾವ ಕ್ಷಣದಲ್ಲಿ ಬಣ್ಣ ಹೇಗಿರಬೇಕು ಎಂದು ಗುರುತಿಡುವುದು ಕೀಫ್ರೇಮ್. ಡೈನಾಮಿಕ್ ಕೀಫ್ರೇಮ್ ಬಳಸಿ, ಬಣ್ಣ ನಿಧಾನಕ್ಕೆ ಬದಲಾಗುತ್ತದೆ. ಸ್ಟ್ಯಾಟಿಕ್ ಆದರೆ ಬಣ್ಣ ಒಮ್ಮೆಲೇ ಜಿಗಿಯುತ್ತದೆ. ಸ್ಯಾಚುರೇಶನ್ 38ರಿಂದ 50ಕ್ಕೆ ಏರಲು ಎಂಟು-ಹತ್ತು ಸೆಕೆಂಡ್ ಬಿಡಿ. ಪಾತ್ರ ಅಲುಗಾಡದೆ ಕೂತಾಗ ಬದಲಿಸಿದರೆ ಹಿಂದಿನ ಗೋಡೆ ಬಣ್ಣ ಬದಲಿಸುವುದು ಎದ್ದು ಕಾಣುತ್ತದೆ. ಪಾತ್ರ ಏಳುವಾಗ, ಕಿಟಕಿಯತ್ತ ತಿರುಗುವಾಗ ಶುರುಮಾಡಿ; ಎಲ್ಲರ ಗಮನ ಆ ಚಲನೆಯ ಮೇಲಿರುತ್ತದೆ. ಪರೀಕ್ಷಿಸಲು ಆ ಶಾಟ್ ಒಂದನ್ನೇ ನೋಡಬೇಡಿ, ಹಿಂದುಮುಂದಿನ ಎರಡು ದೃಶ್ಯಗಳನ್ನೂ ಸೇರಿಸಿ ಓಡಿಸಿ. ನೋಡುವ ಮೊದಲು ಮಾನಿಟರ್‌ನ ನೈಟ್ ಮೋಡ್ ಮತ್ತು ಆಟೊ ಬ್ರೈಟ್‌ನೆಸ್ ಆಫ್ ಆಗಿರಲಿ.