ಹನ್ನೊಂದನೇ ಕ್ಲಾಸಿಗೆ ಐದು ಎಪಿ ಬೇಕಾ?

ಕ್ಯಾಲಿಫೋರ್ನಿಯಾದ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ನಾನು ಕೌನ್ಸೆಲರ್. ಫೆಬ್ರವರಿ ಬಂತೆಂದರೆ ನನ್ನ ರೂಮಿನ ಮುಂದೆ ಕ್ಯೂ. ಮುಂದಿನ ವರ್ಷದ ಕೋರ್ಸ್ ಫಾರ್ಮ್ ತುಂಬುವ ತಿಂಗಳು ಅದು. ಸುತ್ತಮುತ್ತ ನಮ್ಮ ಕಡೆಯವರು ಜಾಸ್ತಿ ಇರುವುದರಿಂದ ಕೆಲವು ಮಾತುಕತೆ ಕನ್ನಡದಲ್ಲೇ ನಡೆಯುತ್ತವೆ. ಪ್ರಶ್ನೆ ಮಾತ್ರ ಪ್ರತಿ ವರ್ಷವೂ ಅದೇ: "ಎಷ್ಟು ಎಪಿ ತಗೊಂಡ್ರೆ ಸಾಕು ಮೇಡಂ?"

ಎಪಿ ಅಂದರೆ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಹೈಸ್ಕೂಲಿನಲ್ಲೇ ಕಲಿಸುವ ಕಾಲೇಜು ಮಟ್ಟದ ಪಾಠ. ಮೇ ತಿಂಗಳಲ್ಲಿ ಕಾಲೇಜ್ ಬೋರ್ಡ್ ಅನ್ನುವ ಸಂಸ್ಥೆ ಪರೀಕ್ಷೆ ನಡೆಸಿ 1ರಿಂದ 5ರವರೆಗೆ ಅಂಕ ಕೊಡುತ್ತದೆ.

ಒಂದು ವರ್ಷ ಹೀಗೆ ಬಂದ ಒಬ್ಬ ಹುಡುಗಿಯ ಕತೆ ಹೇಳುತ್ತೇನೆ. ಅವಳು ಆಗ 10ನೇ ಕ್ಲಾಸಿನಲ್ಲಿದ್ದಳು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಫಾರ್ಮಿನಲ್ಲಿ ಐದು ಎಪಿ ಇದ್ದವು: ಕ್ಯಾಲ್ಕುಲಸ್, ಫಿಸಿಕ್ಸ್, ಕೆಮಿಸ್ಟ್ರಿ, ಇಂಗ್ಲಿಷ್ ಮತ್ತು ಯುಎಸ್ ಹಿಸ್ಟರಿ. ಅಮ್ಮ ಜೊತೆಗೆ ಬಂದಿದ್ದರು. "ನಾವೇನೂ ಹೇಳಿಲ್ಲ ಮೇಡಂ, ಅವಳೇ ಬರ್ಕೊಂಡು ಬಂದಿದ್ದಾಳೆ" ಎಂದರು. ನಾನು ನಂಬಲಿಲ್ಲ. ಈ ಮಾತು ತುಂಬ ಸಲ ಕೇಳಿದ್ದೇನೆ. ಅಮ್ಮನನ್ನು ಹೊರಗೆ ಕೂರಲು ಹೇಳಿದೆ.

ಆಮೇಲೆ ಮಾಡಿದ್ದು ನನಗೆ ಚೆನ್ನಾಗಿ ಬರುವ ಕೆಲಸ. ಲೆಕ್ಕ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಜಿಪಿಎ, ಅಂದರೆ ಗ್ರೇಡುಗಳ ಸರಾಸರಿ, ಹಾಕುವಾಗ 10 ಮತ್ತು 11ನೇ ಕ್ಲಾಸಿನ ಎಪಿಗಳಿಗೆ ಒಂದು ಪಾಯಿಂಟ್ ಜಾಸ್ತಿ ಕೊಡುತ್ತದೆ. ಎ ಬಂದರೆ 4ರ ಬದಲು 5. ಆದರೆ 8 ಸೆಮಿಸ್ಟರ್‌ಗಳಿಗೆ ಮಾತ್ರ. ಇಡೀ ವರ್ಷದ ಒಂದು ಎಪಿಗೆ 2 ಸೆಮಿಸ್ಟರ್. ಇವಳು ಆಗಲೇ ವರ್ಲ್ಡ್ ಹಿಸ್ಟರಿ ಎಪಿ ಓದುತ್ತಿದ್ದಳು. ಉಳಿದದ್ದು 6 ಸೆಮಿಸ್ಟರ್, ಅಂದರೆ 3 ಎಪಿ. ನಾಲ್ಕನೆಯದಕ್ಕೂ ಐದನೆಯದಕ್ಕೂ ಆ ಲೆಕ್ಕದಲ್ಲಿ ಏನೂ ಸಿಗುವುದಿಲ್ಲ. ಅರ್ಜಿ ಓದುವವರು ಕೋರ್ಸ್ ಎಷ್ಟು ಕಷ್ಟದ್ದು ಅಂತ ನೋಡುತ್ತಾರೆ, ಇಲ್ಲ ಅನ್ನುವುದಿಲ್ಲ. ಆದರೆ ಮೂರರಲ್ಲಿ ಎ ಬರುವ ಹುಡುಗಿ ಐದು ತಗೊಂಡು ಬಿ, ಸಿ ತಂದರೆ ಯಾರಿಗೆ ಲಾಭ?

ಅವಳು ನೀರಿನ ಬಾಟಲಿಯ ಮೇಲಿನ ಸ್ಟಿಕ್ಕರ್ ಕೀಳುತ್ತಾ ಕೂತಿದ್ದಳು. ಎಲ್ಲ ಕೇಳಿ "ಗೊತ್ತು" ಅಂದಳು.

"ಏನು ಗೊತ್ತು?"

"ಎಂಟು ಸೆಮಿಸ್ಟರ್ ರೂಲ್. 10ನೇ ಕ್ಲಾಸಿಂದ ನಾಲ್ಕೇ ಲೆಕ್ಕಕ್ಕೆ ಬರೋದು, ಅದನ್ನ ನೀವು ಹೇಳ್ಲಿಲ್ಲ."

ನಿಜ, ಹೇಳಿರಲಿಲ್ಲ. ಅವಳು ಓದಿಕೊಂಡೇ ಬಂದಿದ್ದಳು. ಅರ್ಧ ಗಂಟೆ ಗೊತ್ತಿದ್ದನ್ನೇ ಹೇಳಿಸಿಕೊಂಡು ಕೂತಿದ್ದಳು, ಪಾಪ.

"ಗೊತ್ತಿದ್ದೂ ಐದು ಯಾಕೆ ಬರೆದೆ?"

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಇಲ್ಲಾಂದ್ರೆ ನಾನು ಲಂಚ್‌ಗೆ ಯಾರ ಜೊತೆ ಕೂರ್ಲಿ?"

ಕೆದಕಿ ಕೇಳಿದೆ. ಇವಳೂ ಸೇರಿ ಐದು ಜನರ ಗುಂಪು. ಮುಂದಿನ ವರ್ಷ ಯುಎಸ್ ಹಿಸ್ಟರಿಯಲ್ಲಿ ಇಬ್ಬರು, ಕೆಮಿಸ್ಟ್ರಿಯಲ್ಲಿ ಇಬ್ಬರು, ಫಿಸಿಕ್ಸ್‌ನಲ್ಲಿ ಎಲ್ಲರೂ. ಲಂಚ್‌ನಲ್ಲಿ ಮಾತೆಲ್ಲ ಕ್ಲಾಸುಗಳದ್ದೇ. ಯಾವ ಟೀಚರ್ ಏನಂದರು, ನಾಳೆಯ ಕ್ವಿಜ್ ಏನು. ಕ್ಲಾಸಿನಲ್ಲಿ ಇಲ್ಲದವರಿಗೆ ಜೋಕೂ ಅರ್ಥವಾಗುವುದಿಲ್ಲ. ಮೊದಲು ಗುಂಪಿನಲ್ಲಿ ಇನ್ನೊಬ್ಬಳಿದ್ದಳಂತೆ. ಹಿಂದಿನ ವರ್ಷ ಮಾಮೂಲಿ ಮ್ಯಾತ್ಸ್‌ಗೆ ಹೋದಳು. ಯಾರೂ ಜಗಳ ಆಡಲಿಲ್ಲ, ಯಾರೂ ಬರಬೇಡ ಅನ್ನಲಿಲ್ಲ. ಒಂದು ತಿಂಗಳಲ್ಲಿ ಅವಳು ಬೇರೆ ಟೇಬಲ್ಲಿಗೆ ಹೋಗಿದ್ದಳು.

ಇದು ನಮ್ಮ ಕಡೆಯ ಅಪ್ಪ ಅಮ್ಮಂದಿರಿಗೆ ಹೊಳೆಯುವುದಿಲ್ಲ. ನನಗೇ ಹೊಳೆದಿರಲಿಲ್ಲ. ನಾವು ಪಿಯುಸಿ ಓದಿದವರು. ಪಿಸಿಎಂಬಿ ತಗೊಂಡರೆ ಸೆಕ್ಷನ್ ಒಂದೇ, ಬೆಂಚ್ ಒಂದೇ, ಪಕ್ಕದವಳು ಎರಡು ವರ್ಷ ಪಕ್ಕದಲ್ಲೇ. ಮೇಷ್ಟ್ರು ಬದಲಾಗುತ್ತಿದ್ದರು, ನಾವು ಕೂತಲ್ಲೇ ಇರುತ್ತಿದ್ದೆವು. ಇಲ್ಲಿ ಪ್ರತಿ ಪೀರಿಯಡ್‌ಗೂ ಮಕ್ಕಳೇ ರೂಮು ಬದಲಿಸುತ್ತಾರೆ, ಪ್ರತಿ ರೂಮಿನಲ್ಲೂ ಬೇರೆ ಮುಖಗಳು. ಕೋರ್ಸ್ ಫಾರ್ಮಿನಲ್ಲಿ ಟಿಕ್ ಹಾಕುವಾಗ ಮಗು ಸ್ನೇಹಿತರಿಗೂ ಟಿಕ್ ಹಾಕುತ್ತಿರುತ್ತದೆ.

ನಾನು ಕೊಟ್ಟ ಸಲಹೆ ಇಷ್ಟು. ಕ್ಯಾಲ್ಕುಲಸ್, ಇಂಗ್ಲಿಷ್ ಇಟ್ಟುಕೋ, ಅವು ನಿನಗೆ ಸಲೀಸು. ಮೂರನೆಯದು ಫಿಸಿಕ್ಸ್, ಅಲ್ಲಿ ನಿನ್ನ ಗುಂಪೆಲ್ಲ ಇರುತ್ತದೆ. ಹಿಸ್ಟರಿ ಮಾಮೂಲಿ ಕ್ಲಾಸಿನಲ್ಲಿ ಓದು, ಎಪಿಯಲ್ಲಿ ವಾರವಾರ ಓದಬೇಕಾದ ಪುಟಗಳೇ ನಿನ್ನ ರಾತ್ರಿಗಳನ್ನು ತಿಂದುಹಾಕುತ್ತವೆ. ಎಪಿ ಕೆಮಿಸ್ಟ್ರಿ 12ಕ್ಕೆ ಇರಲಿ. ಅರ್ಜಿಯಲ್ಲಿ 12ನೇ ಕ್ಲಾಸಿನ ಕೋರ್ಸ್‌ಗಳನ್ನೂ ಬರೆಯುವುದಿರುತ್ತದೆ, ಅವರು ನೋಡಿಯೇ ನೋಡುತ್ತಾರೆ. ಇನ್ನೊಂದು ಮಾತು: ಎರಡು ಬಿಟ್ಟೆ ಅಂತ ಈ ವಾರವೇ ಗೆಳತಿಯರಿಗೆ ನೀನೇ ಹೇಳು, ಆಗಸ್ಟ್‌ನಲ್ಲಿ ಟೈಮ್‌ಟೇಬಲ್ ನೋಡಿ ಅವರಿಗೆ ಗೊತ್ತಾಗುವುದು ಬೇಡ.

ನನ್ನ ಜೊತೆ ಕೆಲಸ ಮಾಡುವ ಒಬ್ಬರಿಗೆ ಇದು ಸರಿ ಕಾಣಲಿಲ್ಲ. ಹುಡುಗಿಗೆ ಬಯಾಲಜಿ ಕಡೆ ಒಲವು, ಕೆಮಿಸ್ಟ್ರಿ ಬಿಡಿಸಿ ಫಿಸಿಕ್ಸ್ ಇಡುವುದೇ? ಗೆಳತಿಯರಿಗಾಗಿ ಕೋರ್ಸ್ ಆರಿಸಿಕೊಡುವುದು ಕೌನ್ಸೆಲರ್ ಕೆಲಸವೇ? ಎಂದು ಕೇಳಿದರು. ಹೌದು, ನನ್ನ ಕೆಲಸವೇ ಅಂತ ಈಗಲೂ ಅನ್ನುತ್ತೇನೆ. ಹಲವು ಕಾಲೇಜುಗಳಿಗೆ ಒಟ್ಟಿಗೆ ಅರ್ಜಿ ಹಾಕುವ ಕಾಮನ್ ಆ್ಯಪ್‌ನಲ್ಲಿ ಶಾಲೆಯವರು ತುಂಬುವ ಫಾರ್ಮಿನಲ್ಲಿ, ಇವಳ ಕೋರ್ಸ್‌ಗಳು ನಮ್ಮ ಶಾಲೆಯ ಮಟ್ಟಿಗೆ ಎಷ್ಟು ಕಠಿಣ ಅಂತ ಟಿಕ್ ಹಾಕುವವಳು ನಾನೇ. ಆ ಟಿಕ್ ಹಾಕುವಾಗ ಇವಳು ತಗೊಂಡ ಎಪಿಗಳನ್ನು ಎಣಿಸುವುದಿಲ್ಲ. ಊಟಕ್ಕೆ ಒಬ್ಬಳೇ ಕೂರುವ ಹುಡುಗಿಯ ಗ್ರೇಡ್ ಡಿಸೆಂಬರ್ ಹೊತ್ತಿಗೆ ಏನಾಗುತ್ತದೆ ಅಂತ ನಾನು ಬೇಕಾದಷ್ಟು ಸಲ ನೋಡಿದ್ದೇನೆ. ಇವಳು ಒಂದೇ ಎಪಿ ಇಟ್ಟುಕೊಂಡು ಆಗಲೇ ರಾತ್ರಿ ಒಂದಕ್ಕೆ ಮಲಗುತ್ತಿದ್ದಳು. ಮಕ್ಕಳಿಗೆ ನಿದ್ದೆ ಬೇಕು ಅಂತ ಇಲ್ಲಿ 2022ರಿಂದ ಹೈಸ್ಕೂಲನ್ನು ಬೆಳಿಗ್ಗೆ 8:30ಕ್ಕಿಂತ ಮೊದಲು ಶುರು ಮಾಡಬಾರದು ಅನ್ನುವ ಕಾನೂನಿದೆ. ಆ ಹೊತ್ತನ್ನೂ ಹೋಂವರ್ಕೇ ನುಂಗಿತು, ಅದು ಬೇರೆ ಮಾತು.

ಮುಂದಿನ ವಾರ ಅದೇ ಗುಂಪಿನ ಇನ್ನೊಬ್ಬಳು ಬಂದಳು. ಅವಳಿಗೂ ಕೆಮಿಸ್ಟ್ರಿ ಬೇಡವಂತೆ. ಮೊದಲು ಯಾಕೆ ಬರೆದಿದ್ದೆ ಅಂತ ಕೇಳಿದರೆ, "ಅವಳು ತಗೋತಾಳೆ ಅಂತ" ಅಂದಳು.

ನಮ್ಮ ಹುಡುಗಿಗೆ ಫಿಸಿಕ್ಸ್‌ನ ಮೊದಲ ಸೆಮಿಸ್ಟರಿನಲ್ಲಿ ಬಿ ಬಂತು. ಅಮ್ಮ ಫೋನ್ ಮಾಡಿದರು. "ಬಿ ಬಂತಲ್ಲ ಮೇಡಂ, ಕೆಮಿಸ್ಟ್ರಿನೇ ಇಟ್ಕೋಬೇಕಿತ್ತಾ?" ಇರಬಹುದು ಎಂದೆ. ಎಷ್ಟು ಗಂಟೆಗೆ ಮಲಗುತ್ತಾಳೆ ಅಂತ ಕೇಳಿದೆ. ಹನ್ನೊಂದು, ಹನ್ನೊಂದೂವರೆ ಎಂದರು.

ಈಗ ಫೆಬ್ರವರಿಯಲ್ಲಿ ಮಾರ್ಕ್ಸ್ ಹಾಳೆ ತೆಗೆಯುವ ಮೊದಲು ಲಂಚ್‌ಗೆ ಯಾರ ಜೊತೆ ಕೂರುತ್ತೀಯ ಅಂತ ಕೇಳುತ್ತೇನೆ. ಕೆಲವರು ನಕ್ಕು ನಾಲ್ಕು ಹೆಸರು ಹೇಳುತ್ತಾರೆ. ಕೆಲವರು ಲೈಬ್ರರಿಯಲ್ಲಿ ಅನ್ನುತ್ತಾರೆ. ಆಗ ಫಾರ್ಮನ್ನು ಸ್ವಲ್ಪ ಹೊತ್ತು ಪಕ್ಕಕ್ಕೆ ಇಡುತ್ತೇನೆ.