ಶೇಂಗಾಕ್ಕೆ ತುಂತುರೋ, ಹನಿಯೋ?

ಒಂದು ಎಕರೆ ಕೆಂಪು ಮಣ್ಣಿನಲ್ಲಿ ಬೇಸಿಗೆ ಶೇಂಗಾ ಹಾಕಿದ್ದೀರಿ. ಅರ್ಜಿಯಲ್ಲಿರುವ ‘ತುಂತುರು ನೀರಾವರಿ’ ಎಂದರೆ ಹನಿ ನೀರಾವರಿಯೇ, ಎಷ್ಟು ಹೊತ್ತು ಬಿಡಬೇಕು ಎಂದು ಕೇಳಿದ್ದೀರಿ. ಎರಡೂ ಬೇರೆ. ಹನಿಯಲ್ಲಿ ನೀರು ಗಿಡದ ಬುಡಕ್ಕೆ ತೊಟ್ಟಿಕ್ಕುತ್ತದೆ. ತುಂತುರಿನಲ್ಲಿ ಜೆಟ್ ತಿರುಗುತ್ತ ನೀರನ್ನು ಒಡೆದು ಹೊಲದ ತುಂಬ ಚೆಲ್ಲುತ್ತದೆ. ಒತ್ತು ಸಾಲಿನ ಶೇಂಗಾಕ್ಕೆ ನಾನು ತುಂತುರನ್ನೇ ಹೇಳುತ್ತೇನೆ. ಊಡು, ಅಂದರೆ ಹೂವಿನಿಂದ ಮಣ್ಣಿಗಿಳಿದು ಕಾಯಿಯಾಗುವ ಎಳೆ, ಇಳಿಯುವಾಗ ಸಾಲಿನ ನಡುವಿನ ಮೇಲ್ಮಣ್ಣೂ ಮೆತ್ತಗಿರಬೇಕು.

ಆದರೆ ಹೆಸರು ಕೇಳಿ ತುಂತುರು ಮಳೆಯಷ್ಟೇ ನೀರು ಕೊಟ್ಟು ನಿಲ್ಲಿಸಬೇಡಿ. ತುಂತುರು ಮಳೆಗೆ ನಾವು ಯಾರೂ ಬಿತ್ತುವುದಿಲ್ಲ, ಹದ ಮಳೆಗೆ ಕಾಯುತ್ತೇವೆ. ಎಲೆ ತೊಯ್ದಿರುತ್ತದೆ, ಬೆರಳು ಚುಚ್ಚಿ ನೋಡಿದರೆ ಕೆಳಗೆ ಒಣ ಮಣ್ಣು. ಕೊಡಗಿನ ರೊಬಸ್ಟಾ ಕಾಫಿ ತೋಟಗಳಲ್ಲಿ ಮೊಗ್ಗು ಅರಳಿಸುವ ಹೂಮಳೆ ಬಾರದಿದ್ದಾಗ ಇದೇ ಜೆಟ್ ಓಡಿಸುತ್ತಾರೆ. ಅಲ್ಲಿಯೂ ಅರೆಬರೆ ನೀರು ಬಿದ್ದರೆ ಮೊಗ್ಗು ಸರಿಯಾಗಿ ಅರಳುವುದಿಲ್ಲ.

ಹೊತ್ತನ್ನು ಗಡಿಯಾರದಿಂದ ತೀರ್ಮಾನಿಸುವ ಮೊದಲು ಡಬ್ಬಿಯಿಂದ ಅಳೆಯಿರಿ. ಬಾಯಿ ಮತ್ತು ತಳ ಒಂದೇ ಅಗಲವಿರುವ ನಾಲ್ಕೈದು ಡಬ್ಬಿಗಳನ್ನು ಜೆಟ್‌ಗಳ ನಡುವೆ ಅಲ್ಲಲ್ಲಿ ಇಡಿ. ಒಂದು ಗಂಟೆಯ ನಂತರ ಸ್ಕೇಲ್ ಇಳಿಸಿ ನೋಡಿ. ಒಂದೇ ಸಾಲು ಪೈಪ್ ಇದ್ದರೆ, ಪಕ್ಕದ ಸಾಲಿನಲ್ಲೂ ಒಂದು ಗಂಟೆ ಓಡಿಸಿದ ಮೇಲೆಯೇ ಅಳೆಯಬೇಕು. ಗಂಟೆಗೆ 1,500 ಲೀಟರ್ ಬಿಡುವ ಜೆಟ್‌ಗಳನ್ನು 12 ಮೀಟರಿಗೊಂದರಂತೆ, ಸಾಲಿನಿಂದ ಸಾಲಿಗೂ 12 ಮೀಟರ್ ಬಿಟ್ಟು ಇಟ್ಟರೆ ಸುಮಾರು 10 ಮಿ.ಮೀ. ಬೀಳುತ್ತದೆ. 30 ಮಿ.ಮೀ. ಬೇಕೆಂದರೆ ಒಂದೊಂದು ಜಾಗದಲ್ಲೂ ಮೂರು ಗಂಟೆ. ಎಕರೆಗೆ ಇದು ಸುಮಾರು 1.2 ಲಕ್ಷ ಲೀಟರ್, ಐದು ಜೆಟ್ ಇದ್ದರೆ 16 ಗಂಟೆಯ ಕೆಲಸ. ಮೂರು ಫೇಸ್ ಕರೆಂಟ್ ಸಿಗುವ ಹೊತ್ತು ನೋಡಿಕೊಂಡು ಎರಡು ಮೂರು ದಿನಕ್ಕೆ ಹಂಚಿಕೊಳ್ಳಿ.

ಹನಿಯ ಗಾತ್ರವನ್ನೂ ಗಮನಿಸಿ, ಇದನ್ನು ಬಹಳ ಜನ ನೋಡುವುದೇ ಇಲ್ಲ. ಒತ್ತಡ ಕಡಿಮೆಯಾದರೆ ನೀರು ಒಡೆಯದೆ ದಪ್ಪ ಹನಿಯಾಗಿ, ಜೆಟ್‌ನಿಂದ ದೂರದಲ್ಲಿ ಬಳೆಯಂತೆ ಬೀಳುತ್ತದೆ. ಬಳೆಯ ಒಳಗಿನ ಗಿಡಗಳು ಬಾಡುತ್ತವೆ, ಎಳೆ ಹೊಲದಲ್ಲಾದರೆ ಹನಿ ಬಡಿದು ಮಣ್ಣು ಹೆಪ್ಪುಗಟ್ಟುತ್ತದೆ. ಒತ್ತಡ ಹೆಚ್ಚಾದರೆ ಮಂಜಿನಂತಾಗಿ ಗಾಳಿಗೆ ಹಾರಿಹೋಗುತ್ತದೆ. ಮೊದಲನೆಯದಕ್ಕೆ ಒಂದೆರಡು ಜೆಟ್ ಕಡಿಮೆ ಮಾಡಿ. ರಂಧ್ರ ಕಟ್ಟಿದರೆ ತಂತಿಯಿಂದ ಚುಚ್ಚಬೇಡಿ, ಅದು ಅಗಲವಾದರೆ ಹನಿಯ ಲೆಕ್ಕವೇ ಕೆಡುತ್ತದೆ.

ಬೆಳಗಿನ ಜಾವ ಶುರುಮಾಡಿ. ಗಾಳಿ ಕಡಿಮೆ ಇರುತ್ತದೆ, ಬಿಸಿಲೇರಿದ ಮೇಲೆ ಎಲೆಯೂ ಒಣಗುತ್ತದೆ. ಸಂಜೆ ತೊಯ್ಸಿದ ಎಲೆ ರಾತ್ರಿಯೆಲ್ಲ ಒದ್ದೆಯಿದ್ದರೆ ಎಲೆಚುಕ್ಕೆಗೆ, ತುಕ್ಕು ರೋಗಕ್ಕೆ ದಾರಿ. ಕೊಳವೆ ಬಾವಿಯ ನೀರು ಉಪ್ಪಾಗಿದ್ದರೆ ಮಾತ್ರ ತುಂತುರು ಬೇಡ, ಎಲೆಯಂಚು ಸುಡುತ್ತದೆ; ಆಗ ಹನಿಯೇ ವಾಸಿ.

ನಿಮ್ಮ ಪಂಪು ಎಷ್ಟು ಎಚ್‌ಪಿ, ನೀರು ಎಷ್ಟು ಇಂಚು ಬರುತ್ತದೆ ಎಂದು ಬರೆಯಿರಿ. ಒಮ್ಮೆಗೆ ಎಷ್ಟು ಜೆಟ್ ಓಡಿಸಬಹುದೆಂದು ಲೆಕ್ಕ ಹಾಕಿ ಹೇಳುತ್ತೇನೆ.